ದರಕಿನ ಮೇಲೆ ಬಿಳಿ ಬಟ್ಟೆ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ "ಅಮ್ಮಾ, ಇಲ್ಲಿ ಎಲ್ಲರಿಗೂ ಎಲ್ಲಾ ಗೊತ್ತು, ನಾನೊಬ್ಬಳೇ ದಡ್ಡಿ" ಅಂದೆಯಲ್ಲ, ಆ ಮಾತು ನಿದ್ದೆ ಮಾಡಗೊಡಲಿಲ್ಲ. ಬೆಳಿಗ್ಗೆ ಕೊಟ್ಟಿಗೆ ಕೆಲಸ ಮುಗಿಸಿದವಳೇ ಬರೆಯಲು ಕೂತೆ. ಗೊತ್ತಿಲ್ಲದಿರುವುದು ಬೇರೆ, ದಡ್ಡತನ ಬೇರೆ ಕಣೇ. ನೀನು ಎರಡನ್ನೂ ಒಂದೇ ಗಂಟು ಕಟ್ಟಿ ಹೊತ್ತುಕೊಂಡು ಅಳುತ್ತಿದ್ದೀಯ.

ನಮ್ಮ ಕಡೆಯದೇ ಸಂಗತಿ ಹೇಳುತ್ತೇನೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗ, ಮುಸಿಯಗಳು ಸತ್ತು ಬೀಳತೊಡಗಿದವು. ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳಲ್ಲಿ ಜ್ವರ. ತಡೆಯಲಾರದ ತಲೆನೋವು, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಜ್ಞರು ಬಂದರು. ಮಂಗವೂ ಸಾಯುತ್ತಿದೆ, ಮನುಷ್ಯರೂ ಮಲಗುತ್ತಿದ್ದಾರೆ ಎಂದ ಮೇಲೆ ಇದು ಹಳದಿ ಜ್ವರವೇ ಇರಬಹುದೇ ಎಂಬ ಅನುಮಾನ ಅವರಿಗೆ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಸೊಳ್ಳೆಯಿಂದ ಹರಡುವ ಆ ಜ್ವರ ಹಾಗೆಯೇ ಕಾಣಿಸಿಕೊಳ್ಳುತ್ತದೆ. ಭಾರತದಲ್ಲಿ ಅದು ಇರಲೇ ಇಲ್ಲ, ಹಾಗಾಗಿ ಗಾಬರಿಯೂ ದೊಡ್ಡದು.

ಎಂಥ ಚುರುಕಾದ ಊಹೆ ನೋಡು! ಸಿಕ್ಕಿದ ಎರಡೇ ಎಳೆ ಹಿಡಿದು ಸಮುದ್ರದಾಚೆಯ ಕಾಡನ್ನು ನೆನೆಯುವುದು ಬುದ್ಧಿವಂತಿಕೆಯೇ. ಆದರೆ ಊಹೆ ತಪ್ಪಾಗಿತ್ತು. ಮಂಗಗಳಿಂದಲೂ ರೋಗಿಗಳ ರಕ್ತದಿಂದಲೂ ವೈರಸ್ ಬೇರ್ಪಡಿಸಿ ನೋಡಿದರೆ, ಅದು ಅದುವರೆಗೆ ಯಾರೂ ಕಾಣದ್ದು. ರಷ್ಯಾದ ಕಾಡುಗಳಲ್ಲಿ ಮಿದುಳು ಜ್ವರ ತರುವ ವೈರಸ್‌ಗೆ ಹತ್ತಿರದ ಸಂಬಂಧಿ. ಹರಡುವುದು ಸೊಳ್ಳೆಯಲ್ಲ, ಮೈಗೆ ಅಂಟಿ ರಕ್ತ ಹೀರುವ ಉಣುಗು. ತಪ್ಪು ಊಹೆ ಮಾಡಿದ್ದಕ್ಕೆ ಅವರು ದಡ್ಡರಾದರೇ? ಇಲ್ಲವಲ್ಲ. ಅವರಿಗೆ ಇನ್ನೂ ಗೊತ್ತಿರಲಿಲ್ಲ, ಅಷ್ಟೇ. ಊಹೆಯನ್ನೇ ಹಿಡಿದು ಕೂರದೆ ಹುಡುಕಿದರು, ಆಮೇಲೆ ಗೊತ್ತಾಯಿತು.

ನಮ್ಮವರು ಇಂದಿಗೂ ಅದನ್ನು ಮಂಗನ ಕಾಯಿಲೆ ಅನ್ನುತ್ತಾರೆ. ಮಂಗ ಸತ್ತರೆ ಜ್ವರ ಬರುತ್ತದೆ ಎಂಬುದು ಕಾಡಿಗೆ ಹೋಗುವವರ ಕಣ್ಣಿಗೆ ಬಿದ್ದದ್ದೇ. ನಡುವೆ ಉಣುಗು ಇದೆ ಎಂದು ಮಾತ್ರ ತಿಳಿದಿರಲಿಲ್ಲ. ಸತ್ತ ಮಂಗದ ಮೈಯಿಂದ ಉಣುಗು ಉದುರಿ ಅಲ್ಲೇ ದರಕಿನಲ್ಲಿ, ಬಿದ್ದ ಒಣ ಎಲೆಗಳ ನಡುವೆ, ಸೇರಿಕೊಳ್ಳುತ್ತದೆ. ಕೊಟ್ಟಿಗೆಗೆ ಹಾಸಲು ನಾವು ಹೆಂಗಸರು ಬುಟ್ಟಿ ತುಂಬಿ ತರುವುದೂ ಅದೇ ದರಕನ್ನು.

ಮೊನ್ನೆ ಆರೋಗ್ಯ ಇಲಾಖೆಯವರು ನಮ್ಮ ಸೊಪ್ಪಿನ ಬೆಟ್ಟಕ್ಕೆ ಬಂದಿದ್ದರು. ಒಂದು ಬಿಳಿ ಬಟ್ಟೆಯನ್ನು ದರಕಿನ ಮೇಲೆ ಮೆಲ್ಲಗೆ ಎಳೆಯುವುದು, ಹತ್ತು ಹೆಜ್ಜೆಗೊಮ್ಮೆ ತಿರುಗಿಸಿ ನೋಡುವುದು. ನಾನೂ ಬಗ್ಗಿ ನೋಡಿದೆ. ಗಸಗಸೆ ಕಾಳಿನಷ್ಟು ಸಣ್ಣದು, ಹರಿದಾಡಿದರೆ ಮಾತ್ರ ಜೀವವಿದೆ ಅನ್ನಿಸುವಂಥದ್ದು. ಆ ಹುಡುಗ ಒಂದೊಂದನ್ನೇ ಚಿಮಟದಲ್ಲಿ ಎತ್ತಿ ಶೀಸೆಗೆ ಹಾಕುತ್ತಿದ್ದ. ಮಧ್ಯಾಹ್ನದವರೆಗೂ ಅದೇ ಕೆಲಸ. ಕೂತಲ್ಲೇ ಯೋಚಿಸಿದರೆ ಆ ಶೀಸೆ ತುಂಬುತ್ತದೆಯೇ, ಹೇಳು.

ನಿನ್ನ ಜೊತೆಯವರು ಪೇಟೆಯಲ್ಲಿ ಎರಡು ವರ್ಷ ಮೊದಲೇ ಓದಿದ್ದನ್ನು ನೀನು ಈಗ ಮೊದಲ ಸಲ ಕೇಳುತ್ತಿದ್ದೀಯ. ಅವರ ಶೀಸೆಯಲ್ಲಿ ನಾಲ್ಕು ಹೆಚ್ಚಿವೆ, ಅಷ್ಟೇ. ನನಗಿರುವ ಭಯ ಬೇರೆ. ಇಲ್ಲಿ ಶಾಲೆಯಲ್ಲಿ ನಿನಗೆ ಒಮ್ಮೆ ಕೇಳಿದರೆ ಸಾಕಾಗುತ್ತಿತ್ತು, ಪುಸ್ತಕ ಮತ್ತೆ ತೆರೆಯುತ್ತಿರಲಿಲ್ಲ. "ನಮ್ಮ ಹುಡುಗಿ ಬಲು ಚುರುಕು" ಅಂತ ನಾನೇ ಊರೆಲ್ಲ ಹೇಳಿಕೊಂಡು ಬಂದೆ. ಕೂತು ಓದು ಅಂತ ಗದರಿಸಬೇಕಿತ್ತು, ಗದರಿಸಲಿಲ್ಲ. ಅದು ನನ್ನ ತಪ್ಪು ಮಗಾ. ಈಗ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಕೈ ಎತ್ತಿ ಕೇಳು. ನಗುವವರು ನಗಲಿ.

ಸಂಕ್ರಾಂತಿಗೆ ಬರುತ್ತೀಯಲ್ಲ, ಅದು ಉಣುಗಿನ ಕಾಲ. ಆಸ್ಪತ್ರೆಯಲ್ಲಿ ಕೊಡುವ ಎಣ್ಣೆ ತಂದಿಟ್ಟಿದ್ದೇನೆ. ಬೆಟ್ಟಕ್ಕೆ ಹೋಗುವ ಮೊದಲು ಕೈಕಾಲಿಗೆ ಹಚ್ಚಿಕೊಳ್ಳಬೇಕು, ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಬೇಕು. ಅವಸರದಲ್ಲಿ ಹಾಗೇ ಓಡಬೇಡ.

ನಿನ್ನ
ಅಮ್ಮ