ಯೂನಿಯನ್ ಸೇರಬೇಕೆ? ಗೆಳೆಯ ಮಂಜುನಾಥನಿಗೊಂದು ಪತ್ರ

ಪ್ರಿಯ ಮಂಜುನಾಥ,

ಕೆಲಸ ಕಾಯಂ ಆದ ಪತ್ರ ಕೈಗೆ ಬಂದ ವಾರದಲ್ಲೇ ಯೂನಿಯನ್ನಿನವರು ಸದಸ್ಯತ್ವದ ಅರ್ಜಿ ತಂದುಕೊಟ್ಟರೆಂದೂ, ಅದಕ್ಕೆ ಸಹಿ ಹಾಕಬೇಡವೆಂದು ನಿನ್ನ ಮಾವನವರು ಹೇಳುತ್ತಿದ್ದಾರೆಂದೂ ಬರೆದಿದ್ದೀಯೆ. ತಿಂಗಳು ತಿಂಗಳು ಚಂದಾ ಕೊಟ್ಟು ಮ್ಯಾನೇಜ್‌ಮೆಂಟಿನ ಕೆಂಗಣ್ಣಿಗೆ ಗುರಿಯಾಗುವುದರಿಂದ ನನಗೇನು ಸಿಗುತ್ತದೆ ಎಂಬ ನಿನ್ನ ಪ್ರಶ್ನೆ ನ್ಯಾಯವಾದದ್ದೇ. ಫೋನಿನಲ್ಲಿ ಎರಡು ಮಾತಿಗೆ ಮುಗಿಯುವ ವಿಷಯವಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಇದೇ ಗೊಂದಲದಲ್ಲಿರುವ ಇನ್ನು ಕೆಲವರೂ ಓದಲಿ ಎಂದು ನಿನ್ನನ್ನು ಕೇಳಿಯೇ ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಸೇರು. ಸಂಬಳ ಏರುತ್ತದೆ ಎಂಬ ಆಸೆಯೊಂದನ್ನೇ ಇಟ್ಟುಕೊಂಡು ಮಾತ್ರ ಸೇರಬೇಡ, ಏಕೆಂದರೆ ಸಂಬಳದ ಲೆಕ್ಕದಲ್ಲಿ ನೋಡಿದರೆ ಸೇರದವನಿಗೂ ಬಹುಪಾಲು ಅಷ್ಟೇ ಸಿಗುತ್ತದೆ.

ಇದು ಕಾನೂನಿನಲ್ಲೇ ಇರುವ ಸಂಗತಿ. ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ಸೆಟ್ಲ್‌ಮೆಂಟ್, ಅಂದರೆ ಒಪ್ಪಂದ, ಆದರೆ ಅದು ಆ ಕಾರ್ಖಾನೆಯ ಎಲ್ಲ ಕಾರ್ಮಿಕರಿಗೂ, ನಾಳೆ ಕೆಲಸಕ್ಕೆ ಸೇರುವವನಿಗೂ ಅನ್ವಯಿಸುತ್ತದೆ. ಇಲಾಖೆಯನ್ನು ಹೊರಗಿಟ್ಟು ಮ್ಯಾನೇಜ್‌ಮೆಂಟ್ ಮತ್ತು ಯೂನಿಯನ್ ತಮ್ಮತಮ್ಮಲ್ಲೇ ಮಾಡಿಕೊಂಡ ಒಪ್ಪಂದ ಸಹಿ ಹಾಕಿದವರನ್ನು ಮಾತ್ರ ಕಟ್ಟಿಹಾಕುತ್ತದಾದರೂ, ಒಂದೇ ಲೈನಿನಲ್ಲಿ ನಿಂತವರಿಗೆ ಎರಡು ಬಗೆಯ ಸಂಬಳ ಕೊಡುವ ರಗಳೆ ಯಾರಿಗೂ ಬೇಡವಾದ್ದರಿಂದ ಸಾಮಾನ್ಯವಾಗಿ ಅದನ್ನೂ ಎಲ್ಲರಿಗೂ ಕೊಡುತ್ತಾರೆ. ಹಾಗಾಗಿ 'ಸೇರದೆಯೂ ಸಿಗುತ್ತದಲ್ಲ' ಎಂದು ನಿನ್ನ ಪಕ್ಕದ ಮೆಷಿನ್ನಿನವನು ಹೇಳಿದರೆ ಅವನು ಸುಳ್ಳು ಹೇಳುತ್ತಿಲ್ಲ.

ಯೂನಿಯನ್ನಿನ ಬೆಲೆ ನನಗೆ ಗೊತ್ತಾದದ್ದು ಬೇರೆ ಜಾಗದಲ್ಲಿ. ನಮ್ಮ ಶಾಪಿನಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರದ) ಆಪರೇಟರ್ ಒಬ್ಬನಿಗೆ, ಒಂದು ಇಡೀ ಲಾಟ್ ರಿಜೆಕ್ಟ್ ಆಯಿತೆಂಬ ಕಾರಣಕ್ಕೆ ನಿರ್ಲಕ್ಷ್ಯದ ಆರೋಪ ಹೊರಿಸಿ ಚಾರ್ಜ್‌ಶೀಟ್ ಕೊಟ್ಟು ಸಸ್ಪೆಂಡ್ ಮಾಡಿದರು. ಸಸ್ಪೆನ್ಷನ್ ಅವಧಿಯ ಮೊದಲ 90 ದಿನ ಅರ್ಧ ವೇತನವನ್ನು ಜೀವನಾಧಾರ ಭತ್ಯೆಯಾಗಿ ಕೊಡಲೇಬೇಕೆಂಬುದೇ ಅವನಿಗೆ ತಿಳಿದಿರಲಿಲ್ಲ. ಕೆಲಸ ಹೋಯಿತೆಂದೇ ತಿಳಿದು ಊರಿಗೆ ಹೊರಟು ನಿಂತಿದ್ದ. ಡೊಮೆಸ್ಟಿಕ್ ಎನ್‌ಕ್ವೈರಿಯ (ಕಾರ್ಖಾನೆಯೊಳಗೇ ನಡೆಸುವ ವಿಚಾರಣೆಯ) ದಿನ ನಮ್ಮ ಸಂಘದ ಕಾರ್ಯದರ್ಶಿ ಅವನ ಪರವಾಗಿ ಪಕ್ಕದ ಕುರ್ಚಿಯಲ್ಲಿ ಕುಳಿತರು. ಅವರು ಭಾಷಣ ಮಾಡಲಿಲ್ಲ, ಮೇಜು ಕುಟ್ಟಲಿಲ್ಲ. ಆ ಲಾಟನ್ನು ಅಳೆದ ಗೇಜಿನ ಕ್ಯಾಲಿಬ್ರೇಷನ್ ದಾಖಲೆಯನ್ನು, ಅಂದರೆ ಆ ಅಳತೆ ಸಾಧನ ಸರಿಯಾಗಿದೆಯೆಂದು ಪರೀಕ್ಷಿಸಿದ ಕಾಗದವನ್ನು, ಹಾಜರುಪಡಿಸಬೇಕೆಂದು ಲಿಖಿತವಾಗಿ ಕೇಳಿದರು, ಅಷ್ಟೆ. ದಾಖಲೆ ಬಂತು, ಗೇಜಿನ ಅವಧಿ ಲಾಟ್ ಹಾಕುವ ಮೊದಲೇ ಮುಗಿದುಹೋಗಿತ್ತು. ಸಾಕ್ಷಿ ಹೇಳಲು ಬಂದಿದ್ದ ಕ್ವಾಲಿಟಿ ಇನ್‌ಸ್ಪೆಕ್ಟರ್ ಆ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದ್ದನ್ನು ಕಾರ್ಯದರ್ಶಿಗಳು ಆಮೇಲೆ ನಗುತ್ತಾ ಹೇಳುತ್ತಿದ್ದರು. ಹುಡುಗ ಮತ್ತೆ ಅದೇ ಮೆಷಿನ್ನಿಗೆ ಬಂದ. ಅವನಿಗೂ ಆ ಗೇಜಿನ ಮೇಲಿನ ಸ್ಟಿಕ್ಕರ್ ದಿನಾ ಕಾಣುತ್ತಿತ್ತು. ಕಂಡದ್ದನ್ನು ಎನ್‌ಕ್ವೈರಿ ಆಫೀಸರನ ಮುಂದೆ ಕೇಳಬಹುದು, ಕೇಳಿದರೆ ಅದನ್ನು ಪ್ರೊಸೀಡಿಂಗ್ಸ್‌ನಲ್ಲಿ ಬರೆದುಕೊಳ್ಳಲೇಬೇಕು ಎಂಬುದು ಅವನಿಗೆ ಹೊಳೆಯುವ ಹಾಗಿರಲಿಲ್ಲ.

ನಮ್ಮ ಕಾರ್ಮಿಕ ಕಾನೂನುಗಳು ಕಾಗದದ ಮೇಲೆ ಕಡಿಮೆಯೇನಿಲ್ಲ. ಯಾರಾದರೊಬ್ಬರು ಅರ್ಜಿ ಹಿಡಿದು ಬೆನ್ನು ಹತ್ತದಿದ್ದರೆ ಅವು ತಾವಾಗಿ ಎದ್ದು ಬರುವುದಿಲ್ಲ. ಗಾರ್ಮೆಂಟ್ಸ್ ಹೆಣ್ಣುಮಕ್ಕಳ ತುಟ್ಟಿಭತ್ಯೆಯ ಪ್ರಕರಣವನ್ನೇ ನೋಡು. 2020ರ ಏಪ್ರಿಲ್‌ನಿಂದ ಕನಿಷ್ಠ ವೇತನದ ಜೊತೆ ಸೇರಬೇಕಿದ್ದ ತುಟ್ಟಿಭತ್ಯೆ ತಿಂಗಳಿಗೆ ಸುಮಾರು 417 ರೂಪಾಯಿ. ಕೋವಿಡ್ ಕಾರಣ ಹೇಳಿ ರಾಜ್ಯ ಸರ್ಕಾರ ಅದನ್ನು ಮುಂದೂಡಿತು. ವಿಷಯ ಹೈಕೋರ್ಟಿಗೆ ಹೋಗಿ ಆ ಆದೇಶಕ್ಕೆ ತಡೆ ಬಿದ್ದ ಮೇಲೂ ಕಾರ್ಖಾನೆಗಳು ಹಣ ಬಿಚ್ಚಲಿಲ್ಲ. ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ ಒಂದು ಕಡೆ ಕೋರ್ಟಿನಲ್ಲೂ ಇನ್ನೊಂದು ಕಡೆ ಆ ಬಟ್ಟೆ ಕೊಳ್ಳುವ ವಿದೇಶಿ ಬ್ರ್ಯಾಂಡುಗಳ ಬಾಗಿಲಲ್ಲೂ ಪಟ್ಟು ಹಿಡಿದು ನಿಂತ ಮೇಲೆ, ದೊಡ್ಡ ಕಾರ್ಖಾನೆಗಳು ಬಾಕಿ ಸಮೇತ ಕೊಡಲು ಒಪ್ಪತೊಡಗಿದ್ದು 2021ರ ಕೊನೆಯ ಹೊತ್ತಿಗೆ. ಒಬ್ಬೊಬ್ಬಳಿಗೆ 417 ರೂಪಾಯಿ ಎಂದರೆ ವಕೀಲರ ಮನೆಯ ಮೆಟ್ಟಿಲು ಹತ್ತುವಷ್ಟು ದೊಡ್ಡ ಮೊತ್ತವಲ್ಲ, ಬಿಟ್ಟುಬಿಡುವಷ್ಟು ಸಣ್ಣ ಮೊತ್ತವೂ ಅಲ್ಲ. ಇಂಥ ನಡುವಿನ ಮೊತ್ತಗಳನ್ನು, ಓಟಿಯ ಅರ್ಧ ಗಂಟೆಗಳನ್ನು, ತಪ್ಪಾಗಿ ಕಡಿದ ರಜೆಗಳನ್ನು ಒಬ್ಬಂಟಿಯಾಗಿ ವಸೂಲು ಮಾಡುವುದು ಯಾರಿಂದಲೂ ಆಗುವುದಿಲ್ಲ.

ಸಂಘವಿಲ್ಲದೆಯೂ ಗೆದ್ದ ಉದಾಹರಣೆ ಇಲ್ಲವೇ ಎಂದು ನೀನು ಕೇಳುತ್ತೀಯೆ. ಇದೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ಹಿಂಪಡೆಯುವುದಕ್ಕೆ ಕೇಂದ್ರ ಸರ್ಕಾರ ನಿರ್ಬಂಧ ಹಾಕಹೊರಟಾಗ, ಯಾವ ಸಂಘವೂ ಕರೆ ಕೊಡದಿದ್ದರೂ ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು, ಹೆಚ್ಚಿನವರು ಹೆಂಗಸರು, ಹೊಸೂರು ರಸ್ತೆಗೆ ಇಳಿದರು. ಎರಡನೆಯ ದಿನಕ್ಕೇ ಸರ್ಕಾರ ಆದೇಶ ಹಿಂತೆಗೆದುಕೊಂಡಿತು. ಅದು ದೊಡ್ಡ ಗೆಲುವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಅಲ್ಲಿ ಲಾಠಿ ಏಟು ತಿಂದವರೂ ಕೇಸು ಹಾಕಿಸಿಕೊಂಡವರೂ ಇದ್ದರು. ರಸ್ತೆಯ ಸಿಟ್ಟಿಗೆ ಜವಾಬ್ದಾರಿ ಹೊರುವವರು ಯಾರೂ ಇರುವುದಿಲ್ಲ. 2020ರ ಡಿಸೆಂಬರ್ 12ರಂದು ಕೋಲಾರದ ನರಸಾಪುರದಲ್ಲಿ, ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಆದದ್ದು ನಿನಗೆ ನೆನಪಿರಬಹುದು. ಸಂಬಳ ಸರಿಯಾಗಿ ಬರುತ್ತಿಲ್ಲವೆಂದು ಬಹುಪಾಲು ಗುತ್ತಿಗೆ ಹುಡುಗರೇ ಇದ್ದ ಗುಂಪು ಗಾಜು, ಯಂತ್ರ, ವಾಹನಗಳನ್ನು ಒಡೆದುಹಾಕಿತು. ಸಂಬಳ ಪಾವತಿಯಲ್ಲಿ ಲೋಪವಾಗಿದ್ದು ನಿಜವೆಂದು ಕಂಪನಿಯೇ ಆಮೇಲೆ ಒಪ್ಪಿಕೊಂಡಿತು. ಅಷ್ಟರಲ್ಲಿ ನೂರಕ್ಕೂ ಹೆಚ್ಚು ಹುಡುಗರು ಬಂಧನಕ್ಕೆ ಒಳಗಾಗಿದ್ದರು. ದೂರು ಹಿಡಿದು ಹೋಗಿ, ಉತ್ತರ ಬರುವವರೆಗೆ ಎದುರಿಗೆ ಕೂರುವ ನಾಲ್ಕು ಜನ ಅಧಿಕೃತ ಪ್ರತಿನಿಧಿಗಳು ಒಳಗೆ ಇದ್ದಿದ್ದರೆ ಆ ದಿನ ಬೇರೆ ರೀತಿಯಲ್ಲಿ ಮುಗಿಯುತ್ತಿತ್ತೆಂದು ನಾನು ನಂಬುತ್ತೇನೆ.

ಇನ್ನು ನಿನ್ನ ಮಾವನವರ ಭಯ. ಎಚ್‌ಎಂಟಿಯಲ್ಲಿ ದುಡಿದವರು ಅವರು. 1980ರ ಡಿಸೆಂಬರ್ ಕೊನೆಯಲ್ಲಿ ಆರಂಭವಾಗಿ 77 ದಿನ ನಡೆದ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಮುಷ್ಕರವನ್ನು ಹೊಟ್ಟೆಯಲ್ಲಿ ಅನುಭವಿಸಿದವರು. ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್, ಎಲ್ಲ ಕಡೆಯ ಲಕ್ಷಕ್ಕೂ ಮೀರಿದ ಕಾರ್ಮಿಕರು ಬಿಎಚ್‌ಇಎಲ್‌ಗೆ ಸಮನಾದ ವೇತನ ಕೇಳಿ ಹೊರಗೆ ನಿಂತು, ಮುಖ್ಯ ಬೇಡಿಕೆ ಈಡೇರದೆಯೇ ಒಳಗೆ ಹೋಗಬೇಕಾಯಿತು. 1982ರಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಹೂಡಿದ ಮುಷ್ಕರದ ಗತಿ ಇನ್ನೂ ಕೆಟ್ಟದಾಯಿತು. ಮಾವನವರ ಮಾತನ್ನು ಹಳೆಯ ಕಾಲದವರ ಮಾತೆಂದು ತಳ್ಳಿಹಾಕಬೇಡ. ಒಳಗೆ ಹೋಗುವ ದಾರಿ ಯೋಚಿಸದೆ ಹೊರಗೆ ಬರುವ ಸಂಘ ಕಾರ್ಮಿಕನಿಗೆ ಒಳ್ಳೆಯದು ಮಾಡುವುದಿಲ್ಲ. ಆದರೆ ನನ್ನ ಅನುಭವದಲ್ಲಿ ಸಂಘದ ನೂರು ಕೆಲಸಗಳಲ್ಲಿ ಮುಷ್ಕರ ಒಂದಿರಬಹುದು, ಉಳಿದವೆಲ್ಲ ಕ್ಯಾಂಟೀನು, ಶಿಫ್ಟು, ಬಸ್ಸು, ಬೋನಸ್ಸು, ಇಎಸ್‌ಐ ಕಾರ್ಡು. ಈಗಂತೂ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ 14 ದಿನ ಮೊದಲೇ ನೋಟಿಸ್ ಕೊಡದೆ ಯಾವ ಕಾರ್ಖಾನೆಯಲ್ಲೂ ಮುಷ್ಕರ ಮಾಡುವಂತಿಲ್ಲ, ಅರ್ಧಕ್ಕರ್ಧ ಜನ ಒಟ್ಟಾಗಿ ರಜೆ ಹಾಕಿದರೂ ಅದನ್ನು ಮುಷ್ಕರವೆಂದೇ ಎಣಿಸಲಾಗುತ್ತದೆ.

ಅದೇ ಸಂಹಿತೆಯಲ್ಲಿ ನಿನ್ನ ಸಹಿಯ ತೂಕ ಹೆಚ್ಚಿಸಿರುವ ಇನ್ನೊಂದು ಅಂಶವಿದೆ. ಒಂದಕ್ಕಿಂತ ಹೆಚ್ಚು ಸಂಘಗಳಿರುವ ಕಾರ್ಖಾನೆಯಲ್ಲಿ, ಮಸ್ಟರ್ ರೋಲ್‌ನಲ್ಲಿರುವ (ಹಾಜರಿ ಪಟ್ಟಿಯಲ್ಲಿರುವ) ಕಾರ್ಮಿಕರ ಪೈಕಿ ಶೇ. 51ರಷ್ಟು ಜನರ ಬೆಂಬಲವಿರುವ ಸಂಘಕ್ಕೆ ಮಾತ್ರ ಏಕೈಕ ಮಾತುಕತೆಯ ಸಂಘವೆಂಬ ಮಾನ್ಯತೆ ಸಿಗುತ್ತದೆ. ಯಾರಿಗೂ ಅಷ್ಟಿಲ್ಲದಿದ್ದರೆ ಶೇ. 20 ಬೆಂಬಲವಿರುವ ಸಂಘಗಳ ಪ್ರತಿನಿಧಿಗಳನ್ನು ಸೇರಿಸಿ ಮಂಡಳಿ ಮಾಡಬೇಕು. ಲೆಕ್ಕ ಹಾಕುವುದು ಮಸ್ಟರ್ ರೋಲಿನಿಂದ. ಅಂದರೆ ಯಾವ ಕಡೆಗೂ ಸೇರದೆ ದೂರ ನಿಂತವನೂ ಆ ಲೆಕ್ಕದೊಳಗೇ ಇರುತ್ತಾನೆ, ಶೇ. 51ರ ಗುರಿಯನ್ನು ಅಷ್ಟರಮಟ್ಟಿಗೆ ದೂರ ತಳ್ಳುತ್ತಾನೆ. ನಿಮ್ಮಲ್ಲಿ ಎರಡು ಸಂಘಗಳಿವೆ ಎಂದಿದ್ದೀಯೆ, ಇದನ್ನು ಯೋಚಿಸು.

ಸೇರುವುದರಲ್ಲಿ ಅಪಾಯವೇ ಇಲ್ಲವೆಂದು ನಾನು ಹೇಳುವುದಿಲ್ಲ. ಸಂಘ ಸೇರಿದ್ದಕ್ಕೆ ಕಿರುಕುಳ ಕೊಡುವುದು ಕಾನೂನಿನ ಪ್ರಕಾರ ಅನುಚಿತ ಕಾರ್ಮಿಕ ಪದ್ಧತಿಯೇ ಆದರೂ, ಬೇರೆ ಘಟಕಕ್ಕೆ ವರ್ಗ ಮಾಡಿದರೆ ಅದನ್ನು ಕಿರುಕುಳವೆಂದು ಸಾಬೀತುಪಡಿಸಲು ಲೇಬರ್ ಕೋರ್ಟಿನಲ್ಲಿ ವರ್ಷಗಟ್ಟಲೆ ಓಡಾಡಬೇಕಾಗುತ್ತದೆ. ಶ್ರೀರಂಗಪಟ್ಟಣದಲ್ಲಿ ಸಂಘ ಗಟ್ಟಿಯಾಗಿದ್ದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯನ್ನು 2020ರ ಜೂನ್‌ನಲ್ಲಿ ಮುಚ್ಚಿದಾಗ 1,200ಕ್ಕೂ ಹೆಚ್ಚು ಜನರ ಕೆಲಸಕ್ಕೆ ಕುತ್ತು ಬಂತು. ಗೇಟಿನ ಬಳಿ ವಾರಗಟ್ಟಲೆ ಧರಣಿ ಕುಳಿತ ಹೆಂಗಸರಲ್ಲಿ ಅನೇಕರು ಕೈಚೆಲ್ಲಿ ರಾಜೀನಾಮೆ ಬರೆದುಕೊಟ್ಟ ಮೇಲೆ, ಮರುವರ್ಷ ಸಂಘಕ್ಕೆ ಮಾನ್ಯತೆ ಮತ್ತು ಮರುನೇಮಕದ ಒಪ್ಪಂದ ಆಯಿತು. ಹಿಂದೆ 100 ಜನರಿದ್ದ ಕಾರ್ಖಾನೆ ಮುಚ್ಚಲೂ ಸರ್ಕಾರದ ಅನುಮತಿ ಬೇಕಿತ್ತು, ಹೊಸ ಸಂಹಿತೆಯಲ್ಲಿ ಆ ಮಿತಿ 300ಕ್ಕೆ ಏರಿದೆ. ನಿಮ್ಮಂಥ ನಡುಗಾತ್ರದ ಕಾರ್ಖಾನೆಗೆ ಇದು ಸಣ್ಣ ಬದಲಾವಣೆಯಲ್ಲ. ಆದ್ದರಿಂದಲೇ, ನೀನಿನ್ನೂ ಟ್ರೈನಿಯಾಗಿದ್ದಿದ್ದರೆ ಕಾಯಂ ಆಗುವವರೆಗೆ ತಡೆದುಕೋ ಎನ್ನುತ್ತಿದ್ದೆ. ಈ ಮಾತು ಸಂಘದ ಗೆಳೆಯರಿಗೆ ಹಿಡಿಸುವುದಿಲ್ಲವೆಂಬುದು ನನಗೆ ಗೊತ್ತಿದೆ.

ಸಂಘಗಳ ಮೇಲೆ ನನಗೊಂದು ದೊಡ್ಡ ಆಕ್ಷೇಪವೂ ಇದೆ. ಕಾಯಂ ಆದವರ ಸೆಟ್ಲ್‌ಮೆಂಟ್ ಚೆನ್ನಾಗಿ ಆದರೆ ಸಾಕು, ಅದೇ ಲೈನಿನಲ್ಲಿ ಅದೇ ಕೆಲಸ ಮಾಡುವ ಗುತ್ತಿಗೆ ಹುಡುಗನ ಸಂಬಳ ಎಷ್ಟೆಂದು ಕೇಳುವ ಪದಾಧಿಕಾರಿಗಳು ಅಪರೂಪ. ಹಬ್ಬಕ್ಕೆ ನಮಗೆ ಬೋನಸ್ ಪಟಾಕಿ, ಅವನಿಗೆ ಸ್ವೀಟ್ ಬಾಕ್ಸ್! ಎಂಟು ವರ್ಷ ಆ ಕಡೆಯ ಸಾಲಿನಲ್ಲೇ ನಿಂತಿದ್ದ ನಿನಗೆ ನಾನು ಇದನ್ನು ಬಿಡಿಸಿ ಹೇಳಬೇಕಿಲ್ಲ. ಸದಸ್ಯನಾದ ಮೇಲೆ ಮೊದಲ ಜನರಲ್ ಬಾಡಿ ಸಭೆಯಲ್ಲೇ ಆ ಪ್ರಶ್ನೆ ಎತ್ತು; ಹೊರಗೆ ನಿಂತು ಕೇಳಿದರೆ ಅದಕ್ಕೆ ಬೆಲೆಯಿಲ್ಲ.

ಅರ್ಜಿಗೆ ಸಹಿ ಹಾಕುವ ಮೊದಲು ಎರಡೂ ಸಂಘಗಳವರನ್ನು ಒಂದಿಷ್ಟು ವಿಚಾರಿಸು. ನೋಂದಣಿ ಪತ್ರ ತೋರಿಸಲಿ, ಲೆಕ್ಕಪರಿಶೋಧನೆಯಾದ ವಾರ್ಷಿಕ ವರದಿಯನ್ನು ರಿಜಿಸ್ಟ್ರಾರರಿಗೆ ಕೊಟ್ಟ ಪ್ರತಿ ತೋರಿಸಲಿ. ಲೆಕ್ಕದ ಪುಸ್ತಕ ನೋಡುವ ಹಕ್ಕನ್ನು 1926ರ ಟ್ರೇಡ್ ಯೂನಿಯನ್ ಕಾಯಿದೆಯೇ ಪ್ರತಿ ಸದಸ್ಯನಿಗೂ ಕೊಟ್ಟಿತ್ತು; 'ಅದೆಲ್ಲ ನಿನಗೇಕೆ' ಎನ್ನುವವರ ಸಂಘಕ್ಕೆ ಚಂದಾ ಕೊಡಬೇಡ. ಪದಾಧಿಕಾರಿಗಳ ಚುನಾವಣೆ ಕೊನೆಯದಾಗಿ ಯಾವಾಗ ನಡೆಯಿತೆಂದು ಕೇಳು. ಪಕ್ಷದ ರಾಜಕೀಯ ಬೇಡವೆಂಬುದು ನಿನ್ನ ಅಳುಕಾಗಿದ್ದರೆ, ಇದು ತಿಳಿದಿರಲಿ: ಕಾನೂನಿನ ಪ್ರಕಾರ ಸಂಘ ರಾಜಕೀಯ ನಿಧಿಯನ್ನು ಬೇರೆಯಾಗಿಯೇ ಸಂಗ್ರಹಿಸಬೇಕು, ಅದಕ್ಕೆ ಕೊಡಲೇಬೇಕೆಂದು ಯಾವ ಸದಸ್ಯನನ್ನೂ ಒತ್ತಾಯಿಸುವಂತಿಲ್ಲ. ಚಂದಾ ಕೊಟ್ಟಾಗೆಲ್ಲ ರಸೀದಿ ಪಡೆದು ಇಟ್ಟುಕೋ, ಏಕೆಂದರೆ ಸದಸ್ಯತ್ವದ ತಕರಾರು ಬಂದಾಗ ಇಲಾಖೆಯವರು ಮೊದಲು ಕೇಳುವುದು ಅದನ್ನೇ.

ಬರುವ ಭಾನುವಾರ ನಾನು ಮನೆಯಲ್ಲೇ ಇರುತ್ತೇನೆ. ನಿಮ್ಮ ಹಿಂದಿನ ಸೆಟ್ಲ್‌ಮೆಂಟಿನ ಜೆರಾಕ್ಸ್ ಪ್ರತಿ ಮತ್ತು ನಿನ್ನ ಕಾಯಂ ಆದೇಶ ತೆಗೆದುಕೊಂಡು ಬಾ. ಆದೇಶದಲ್ಲಿ ನಿನ್ನ ಹುದ್ದೆಯನ್ನು 'ಆಪರೇಟರ್' ಎಂದು ಬರೆದಿದ್ದಾರೋ 'ಸೂಪರ್‌ವೈಸರ್' ಎಂದು ಬರೆದಿದ್ದಾರೋ ನೋಡಬೇಕು. ಸೂಪರ್‌ವೈಸರ್ ಎಂದಿದ್ದು ವೇತನ ತಿಂಗಳಿಗೆ 18,000 ದಾಟಿದ್ದರೆ, ಈ ಸಂಹಿತೆಯ ಕಾರ್ಮಿಕನೆಂಬ ವ್ಯಾಖ್ಯೆಯಿಂದಲೇ ನಿನ್ನನ್ನು ಹೊರಗಿಡಲು ಅವರಿಗೆ ದಾರಿಯಾಗುತ್ತದೆ, ಆಗ ಅರ್ಜಿಗಿಂತ ಮೊದಲು ಆ ಪದವನ್ನು ತಿದ್ದಿಸಿಕೊಳ್ಳಲು ಪತ್ರ ಬರೆಯಬೇಕಾಗುತ್ತದೆ. ಸಾಧ್ಯವಾದರೆ ಮಾವನವರನ್ನೂ ಕರೆದುಕೊಂಡು ಬಾ.

ನಿನ್ನ ಗೆಳೆಯ,
ಶಿವಕುಮಾರ