ಅಜ್ಜನ ಕಾಗದ ಅಷ್ಟು ಬೇಗ ಸಿಗಬಾರದು

ಪ್ರೀತಿಯ ತಮ್ಮ,

ನೀನು ಬರೆದು ಕಳುಹಿಸಿದ ಕಾಮಿಕ್ಸ್ ಪುಟಗಳನ್ನು ಓದಿದೆ. ಹುಡುಗ ಅಟ್ಟ ಹತ್ತುವ ಪುಟ ನನಗೆ ಬಹಳ ಹಿಡಿಸಿತು. ಆದರೆ ಮರುಪುಟದಲ್ಲೇ ಅವನಿಗೆ ಅಜ್ಜನ ಕಾಗದ ಸಿಕ್ಕಿಬಿಡುತ್ತದೆ, ಅದು ಮನೆಯ ಗುಟ್ಟನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸುತ್ತದೆ. ಆಮೇಲೆ ಹುಡುಗನಿಗೆ ಮಾಡಲು ಕೆಲಸವೇ ಇಲ್ಲ.

ಬೆಲ್ಜಿಯಂನ ಕಾಮಿಕ್ಸ್‌ಕಾರ ಎರ್ಜೆಯ ಟಿನ್‌ಟಿನ್ ಪುಸ್ತಕ ‘ದಿ ಸೀಕ್ರೆಟ್ ಆಫ್ ದಿ ಯೂನಿಕಾರ್ನ್’ ಅನ್ನು ಇನ್ನೊಮ್ಮೆ ತೆಗೆದು ನೋಡು. 1942ರ ಜೂನ್‌ನಿಂದ 1943ರ ಜನವರಿಯವರೆಗೆ, ಜರ್ಮನ್ನರ ಹಿಡಿತದಲ್ಲಿದ್ದ ಬ್ರಸೆಲ್ಸ್‌ನ ದಿನಪತ್ರಿಕೆಯೊಂದರಲ್ಲಿ ಕಂತುಕಂತಾಗಿ ಬಂದ ಕಥೆ ಅದು. ಕಥಾನಾಯಕ ಟಿನ್‌ಟಿನ್ ಹಳೆ ಸಾಮಾನಿನ ಸಂತೆಯಲ್ಲಿ ಗೆಳೆಯ ಹ್ಯಾಡಕ್‌ಗೆಂದು ಒಂದು ಪುಟ್ಟ ಹಡಗಿನ ಮಾದರಿ ಕೊಳ್ಳುತ್ತಾನೆ. ನಾಯಿ ಅದನ್ನು ಕೆಡವುತ್ತದೆ, ಹಡಗಿನ ಕಂಬ ಮುರಿಯುತ್ತದೆ. ಕಂಬದೊಳಗಿದ್ದ ಬರಹದ ಸುರುಳಿ ಯಾರಿಗೂ ತಿಳಿಯದಂತೆ ಮೂಲೆ ಸೇರುತ್ತದೆ. ಅದು ಕಣ್ಣಿಗೆ ಬೀಳುವ ಹೊತ್ತಿಗೆ ಹಡಗೇ ಕಳುವಾಗಿರುತ್ತದೆ! ಅಂಥ ಹಡಗುಗಳು ಮೂರು, ಸುರುಳಿಗಳೂ ಮೂರು. ಮೂರನ್ನೂ ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದಾಗಲೇ ನಿಧಿಯ ಜಾಡು ಹೇಳುವ ಅಕ್ಷಾಂಶ ರೇಖಾಂಶಗಳು ಕೂಡಿಬರುತ್ತವೆ. ಅಷ್ಟಾದರೂ ಸಮುದ್ರದಲ್ಲಿ ನಿಧಿ ಇಲ್ಲ. ಮುಂದಿನ ಪುಸ್ತಕದ ಕೊನೆಯಲ್ಲಿ ಅದು ಹ್ಯಾಡಕ್‌ನ ಪೂರ್ವಜರ ಬಂಗಲೆಯ ನೆಲಮಾಳಿಗೆಯಲ್ಲೇ ಸಿಗುತ್ತದೆ.

‘ಯೂನಿಕಾರ್ನ್’ನಲ್ಲಿ ಹ್ಯಾಡಕ್‌ಗೆ ಪೂರ್ವಜನ ಹಳೆಯ ಪೆಟ್ಟಿಗೆ ಸಿಗುವ ಭಾಗವನ್ನು ನಿಧಾನವಾಗಿ ನೋಡು. ಪೆಟ್ಟಿಗೆಯಲ್ಲಿ ನಿನ್ನ ಕಥೆಯಲ್ಲಿರುವ ಹಾಗೆಯೇ ಬರಹವೊಂದಿದೆ. ಆದರೆ ಹ್ಯಾಡಕ್ ಅದನ್ನು ಸುಮ್ಮನೆ ಓದಿ ಹೇಳುವುದಿಲ್ಲ. ಪೂರ್ವಜನ ಟೋಪಿ ತೊಟ್ಟು, ಕತ್ತಿ ಹಿರಿದು, ಕಡಲ್ಗಳ್ಳರ ಜೊತೆಗಿನ ಕಾಳಗವನ್ನು ಕೋಣೆಯಲ್ಲೇ ಆಡಿ ತೋರಿಸುತ್ತಾನೆ. ಆ ರಭಸದಲ್ಲಿ ಅವನ ತಲೆ ಪೂರ್ವಜನ ಭಾವಚಿತ್ರವನ್ನು ಹರಿದುಕೊಂಡು ಹೊರಬರುತ್ತದೆ. ಹಿರಿಯನ ಮುಖವಿದ್ದ ಜಾಗದಲ್ಲಿ ಈಗ ಕುಡಿಯ ಮುಖ. ಗದ್ಯದಲ್ಲಿ ನನಗೆ ಇದಕ್ಕೆ ಎರಡು ಪುಟ ಬೇಕು, ನಿನಗೆ ಒಂದು ಚೌಕ ಸಾಕು. ಆ ಭಾಗ್ಯವನ್ನು ಕಾಗದದ ಮಾತುಗಳಿಗೆ ಬಿಟ್ಟುಕೊಡುವುದೇಕೆ?

ಎರ್ಜೆಯ ಮನೆಯಲ್ಲೂ ಗುಟ್ಟಿತ್ತು. ಅವನ ಅಪ್ಪ 1882ರಲ್ಲಿ ಹುಟ್ಟಿದ ಅವಳಿಗಳಲ್ಲಿ ಒಬ್ಬ. ತಾಯಿ ಮದುವೆಯಾಗದ ಮನೆಗೆಲಸದಾಕೆ, ತಂದೆ ಯಾರೆಂದು ಇಂದಿಗೂ ಖಚಿತವಾಗಿಲ್ಲ. ಆಕೆ ಕೆಲಸಕ್ಕಿದ್ದ ಬಂಗಲೆಯ ಒಡತಿ ಆ ಮಕ್ಕಳಿಗೆ ಬಟ್ಟೆಬರೆ ಕೊಡಿಸಿ ಓದಿಸಿದಳು. ಕಥೆಯಲ್ಲಾದರೋ ಹ್ಯಾಡಕ್‌ನ ಪೂರ್ವಜನಿಗೆ ಬಂಗಲೆಯನ್ನು ದಯಪಾಲಿಸುವವನು ದೊರೆ. ಮನೋವೈದ್ಯ ಸೆರ್ಜ್ ತಿಸ್ಸರೋನ್ 1985ರಲ್ಲಿ, ಈ ಸಂಗತಿಗಳು ಬೆಳಕಿಗೆ ಬರುವ ಮೊದಲೇ, ಟಿನ್‌ಟಿನ್ ಪುಸ್ತಕಗಳನ್ನಷ್ಟೇ ಆಧರಿಸಿ ಇಂಥದೊಂದು ಗುಟ್ಟು ಇರಬೇಕೆಂದು ಊಹಿಸಿದ್ದ. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ನಿನ್ನ ಮನೆಯ ಗುಟ್ಟನ್ನು ಬಯಲಿಗಿಡು ಎಂದು ಹೇಳುತ್ತಿಲ್ಲ. ಯಾವುದೋ ಒಂದು ಹೆಸರು ಬಂದೊಡನೆ ಊಟದ ಎಲೆಯ ಮುಂದೆ ಯಾರು ತಲೆ ತಗ್ಗಿಸುತ್ತಾರೆ, ಯಾರು ಸಾರು ತರುವ ನೆಪದಲ್ಲಿ ಒಳಗೆ ಹೋಗುತ್ತಾರೆ ಎಂಬುದು ನಿನಗೆ ಗೊತ್ತಿರುತ್ತದೆ. ಅದನ್ನು ಬಿಡಿಸು.

‘ಆ ಕಾಲವೇ ಚೆಂದವಿತ್ತು’ ಎಂಬ ಸಾಲುಗಳನ್ನೆಲ್ಲ ತೆಗೆದುಬಿಡು. ನೆನಪು ವಸ್ತುಗಳಲ್ಲಿ ಇರಲಿ. ನಮ್ಮ ಮನೆಗಳಲ್ಲಿ ಪಾತ್ರೆಗಳ ಮೇಲೆ ಹೆಸರು ಕೊರೆಸುತ್ತಿದ್ದರಲ್ಲ? ಹುಡುಗನಿಗೆ ಕಾಗದದ ಬದಲು ಅಟ್ಟದಲ್ಲಿ ಒಂದು ಹಿತ್ತಾಳೆಯ ತಂಬಿಗೆ ಸಿಗಲಿ. ಕಂಠದ ಕೆಳಗೆ ಕೊರೆದ ಹೆಸರು ಮನೆಯ ಯಾರದ್ದೂ ಅಲ್ಲ. ಅವನು ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಲಿ, ಒಂದೊಂದೇ ಅಕ್ಷರ ಮೇಲೆ ಬರಲಿ. ಎರಡನೆಯ ಸುಳಿವು ಜಮೀನಿನ ಹಳೆಯ ಪಹಣಿಯಲ್ಲಿರಲಿ: ಅಜ್ಜನ ಹೆಸರಿನ ಪಕ್ಕದಲ್ಲಿ ಜಂಟಿಯಾಗಿ ಅದೇ ಹೆಸರು. ಮೂರನೆಯದು ಅಜ್ಜಿಯ ಬಳಿ ಇದೆ, ಆಕೆಗೆ ಕೊನೆಯ ಪುಟದವರೆಗೆ ಒಂದು ಮಾತನ್ನೂ ಕೊಡಬೇಡ.

ಹೊಸ ಪುಟಗಳನ್ನು ಕಳುಹಿಸು. ಪೆನ್ಸಿಲಿನಲ್ಲಿದ್ದರೂ ಸರಿ, ಕಾಯುತ್ತಿರುತ್ತೇನೆ.

ಇಂತಿ ನಿನ್ನ,
ಅಣ್ಣ