ತಿಥಿ ತಪ್ಪಿಲ್ಲ, ಪುಟ್ಟ

ಚಿ. ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮನೆಯ ಸಮಾಚಾರವೆಲ್ಲ ನಿನ್ನಣ್ಣ ಫೋನಿನಲ್ಲಿ ಹೇಳಿರುತ್ತಾನೆ. "ಅಣ್ಣ ಮೈಸೂರಿನಲ್ಲಿ ಜೂನ್ 16ಕ್ಕೆ ಶ್ರಾದ್ಧ ಮಾಡಿದ, ನಾನು ನ್ಯೂಜೆರ್ಸಿಯಲ್ಲಿ 15ಕ್ಕೇ ಮಾಡಿಬಿಟ್ಟೆ, ಅಮ್ಮ ಹಸಿದುಕೊಂಡು ಹೋದಳೇನೋ" ಅಂತ ಬರೆದಿದ್ದೀಯಲ್ಲ, ಅದನ್ನು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ.

ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿದರೆ ಒಂದು ತಿಥಿ. ಅದು ಹಿಡಿಯುವ ಕ್ಷಣ ಲೋಕಕ್ಕೆಲ್ಲ ಒಂದೇ, ಗಡಿಯಾರ ಮಾತ್ರ ಬೇರೆ. ನಿನ್ನಮ್ಮನ ತಿಥಿ, ಅಂದರೆ ಹುಣ್ಣಿಮೆಯಾದ ಮೇಲಿನ ಬಹುಳ ಪಂಚಮಿ, ಇಲ್ಲಿ 15ರ ಸಂಜೆ 7ಕ್ಕೆ ಹಿಡಿಯಿತು ಅಂದುಕೋ. ಆಗ ನಿನ್ನ ಊರಲ್ಲಿ 15ರ ಬೆಳಗ್ಗೆ 9.30. ಶ್ರಾದ್ಧಕ್ಕೆ ಅಪರಾಹ್ನದಲ್ಲಿ ತಿಥಿ ಇರಬೇಕು. ಇಲ್ಲಿ ಆ ಹೊತ್ತು ಕಳೆದೇ ಹೋಗಿತ್ತು, ಅದಕ್ಕೇ 16. ಅಲ್ಲಿ 15ಕ್ಕೇ ಸಿಕ್ಕಿತು. ಇಬ್ಬರದೂ ಸರಿ. ಹಸಿವಿನ ಮಾತು ಬಿಡು.

ಹಗಲನ್ನು ಐದು ಪಾಲು ಮಾಡಿದರೆ ನಾಲ್ಕನೆಯದು ಅಪರಾಹ್ನ. ಜೂನ್‌ನಲ್ಲಿ ಅಲ್ಲಿ 5.30ಕ್ಕೆ ಹುಟ್ಟಿದ ಸೂರ್ಯ ರಾತ್ರಿ 8.30ಕ್ಕೆ ಮುಳುಗುತ್ತಾನೆ, ಒಂದೊಂದು ಪಾಲೂ 3 ಗಂಟೆ, ಹಾಗಾಗಿ 2.30ರಿಂದ 5.30. ಮೈಸೂರಿನ ಒಂಟಿಕೊಪ್ಪಲ್ ಪಂಚಾಂಗ ಹಿಡಿದುಕೊಂಡು ಅಲ್ಲಿ ಲೆಕ್ಕ ಹಾಕಿದರೆ ಎಡವುತ್ತೀಯ. ನಿಮ್ಮ ಊರಿಗೆ ಗಣಿಸಿದ್ದನ್ನೇ ಕೇಳು.

ಊಟಕ್ಕೆ ಹೊತ್ತಾದರೆ ಸಿಡಿಮಿಡಿ ಅನ್ನುವವರು ನನ್ನಂಥ ಮುದುಕಿಯರು ಕಣೋ, ಹೋದವರಲ್ಲ. ವಯಸ್ಸು ಹೆಚ್ಚಿದಂತೆ ಹೋದವರ ಕಡೆಯೇ ಬಳಗ ಜಾಸ್ತಿಯಾಗುತ್ತಿದೆ. ಅದರಲ್ಲಿ ಎಷ್ಟೋ ಜನರ ನಿಜವಾದ ಹೆಸರೇ ನಮಗೆ ಉಳಿದಿಲ್ಲ, ಆ ಕೊರಗು ಇದೆ. ಹೆಂಗಸರಿಗಂತೂ ಮದುವೆಯಲ್ಲಿ ಹೆಸರು ಬದಲಾಗುತ್ತಿತ್ತು, ಆಮೇಲೆ ಅದೂ ಹೋಗಿ "ತೋಟದ ಮನೆ ಅಜ್ಜಿ" ಅಂತ ಆಗಿಬಿಡುತ್ತಿತ್ತು. ಅಮ್ಮನ ಶ್ರಾದ್ಧದಲ್ಲಿ ಪಿಂಡ ಮೂರು: ಅಮ್ಮನಿಗೆ, ಅಪ್ಪನ ಅಮ್ಮನಿಗೆ, ಅವರ ಅತ್ತೆಗೆ. ಹೆಸರು, ಗೋತ್ರ ನಿನ್ನ ಸೋದರತ್ತೆಯನ್ನು ಕೇಳಿ ಈಗಲೇ ಬರೆದಿಟ್ಟುಕೋ.

ಪಿಂಡ ಒಡೆಯಿತು, ಅಪಶಕುನವೇ ಅಂತಲೂ ಕೇಳಿದ್ದೀಯ. ಬಾಸುಮತಿ ಹಾಕಿದ್ದಿರಬೇಕು, ಅದು ಉದುರುದುರು. ಸೋನಾ ಮಸೂರಿಯನ್ನು ಚೆನ್ನಾಗಿ ಮೆತ್ತಗೆ ಬೇಯಿಸಿ, ಬಿಸಿ ಆರುವ ಮುಂಚೆಯೇ ಕಪ್ಪು ಎಳ್ಳು, ತುಪ್ಪ ಸೇರಿಸಿ ನಾದು. ತುಪ್ಪ ಜಾಸ್ತಿಯಾದರೂ ಜಾರುತ್ತದೆ. ಎಳ್ಳುನೀರು ಬಿಡುವಾಗ ಹೆಬ್ಬೆರಳು ತೋರುಬೆರಳಿನ ನಡುವಿಂದ ಇಳಿಯಬೇಕು, ಅದು ನಿನಗೆ ಗೊತ್ತೇ ಇದೆ.

ಒಂದು ವರ್ಷ ಪುರೋಹಿತರೇ ಸಿಗಲಿಲ್ಲ ಅನ್ನು. ಅಕ್ಕಿ, ಬೇಳೆ, ಬಾಳೆಕಾಯಿ, ಬೆಲ್ಲ, ತುಪ್ಪ, ದಕ್ಷಿಣೆ ಇಟ್ಟು ದಾನ ಕೊಡು. ಅದಕ್ಕೆ ಆಮಶ್ರಾದ್ಧ ಅನ್ನುತ್ತಾರೆ. ಅದೂ ಆಗದವನು ಹಸುವಿಗೆ ಹುಲ್ಲು ಹಾಕಲಿ, ಅದೂ ಇಲ್ಲದವನು ಕೈಯೆತ್ತಿ ನನ್ನಲ್ಲಿ ಏನೂ ಇಲ್ಲ, ಭಕ್ತಿಯಿಂದಲೇ ತೃಪ್ತರಾಗಿ ಅನ್ನಲಿ ಅಂತ ವಿಷ್ಣು ಪುರಾಣದಲ್ಲೇ ಇದೆ. ಹಾಗಿರುವಾಗ ನಿನ್ನಮ್ಮ ಹಸಿದು ಹೋಗುವುದು ಎಲ್ಲಿ ಬಂತು?

ದಿನವೇ ತಪ್ಪಿಹೋದರೆ ಆ ತಿಂಗಳ ಬಹುಳ ಏಕಾದಶಿ ಇಲ್ಲವೇ ಅಮಾವಾಸ್ಯೆಗೆ ಮಾಡುತ್ತಾರೆ. ಭಾದ್ರಪದದಲ್ಲಿ ಮಹಾಲಯವಂತೂ ಇದ್ದೇ ಇದೆ. ಕೇಳದಿದ್ದರೂ ಇಷ್ಟೆಲ್ಲ ಬರೆದೆ, ಬೇಜಾರು ಮಾಡಿಕೊಳ್ಳಬೇಡ.

ಇಂತಿ,
ನಿನ್ನ ದೊಡ್ಡಮ್ಮ